ದೂರದ ದಾರಿಗೆ ಸೆಕೆಂಡ್ ಹ್ಯಾಂಡ್ ಕಾರು: ಗಾಳಿ, ಗೇರು, ಘಾಟಿ

ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಕೇಳುವುದು ಒಂದೇ ಮಾತು: "ಅಣ್ಣಾ, ಎಷ್ಟು ಕೊಡುತ್ತೆ?" ಮಾರುವವರೂ ತಡ ಮಾಡದೆ ಹೇಳುತ್ತಾರೆ: ಇಪ್ಪತ್ತು, ಇಪ್ಪತ್ತೆರಡು, ಹೈವೇನಲ್ಲಿ ಇನ್ನೂ ಜಾಸ್ತಿ. ಆ ಮಾತು ಪೂರ್ತಿ ಸುಳ್ಳಲ್ಲ. ಆದರೆ ಎಷ್ಟು ವೇಗದಲ್ಲಿ, ಎಷ್ಟು ಜನರನ್ನು ಹೊತ್ತು, ಎಂಥ ದಾರಿಯಲ್ಲಿ ಅಂತ ಹೇಳದೆ ಬರೀ ಮೈಲೇಜು ಹೇಳಿದರೆ ಏನೂ ಹೇಳಿದಂತಾಗುವುದಿಲ್ಲ. ಒಂದು ವಾರ ಬೆಂಗಳೂರಿಗೆ 300 ಕಿ.ಮೀ., ಇನ್ನೊಂದು ವಾರ ಆಗುಂಬೆ ಇಳಿದು ಮಣಿಪಾಲಕ್ಕೆ ಓಡಾಡುವ ಮಲೆನಾಡಿನವರಿಗಂತೂ ಈ ಪ್ರಶ್ನೆ ಸಾಲದು.

ಕಂಪನಿ ಕೊಡುವ ಮೈಲೇಜು ರಸ್ತೆಯಲ್ಲಿ ಅಳೆದದ್ದಲ್ಲ. ಪರೀಕ್ಷಾ ಕೇಂದ್ರದಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ, ಗೊತ್ತು ಮಾಡಿದ ಕ್ರಮದಲ್ಲಿ ಓಡಿಸಿ ಅಳೆಯುತ್ತಾರೆ. ಈಗ ಸೆಕೆಂಡ್ ಹ್ಯಾಂಡ್ ಆಗಿ ಸಿಗುವ ಕಾರುಗಳು ದಾಟಿ ಬಂದಿರುವ ಆ ಪರೀಕ್ಷೆಯಲ್ಲಿ ವೇಗ ಗಂಟೆಗೆ 90 ಕಿ.ಮೀ. ಮೀರುವುದಿಲ್ಲ. ಹೆಚ್ಚಿನ ಹೊತ್ತು ಅದಕ್ಕಿಂತ ತುಂಬಾ ಕೆಳಗೇ ಇರುತ್ತದೆ. ಕಡೂರು ದಾಟಿದ ಮೇಲೆ ಎಸಿ ಹಾಕಿಕೊಂಡು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು 100ರಲ್ಲಿ ಹೋಗುವ ಕಾರಿನ ಲೆಕ್ಕವೇ ಬೇರೆ.

ಸಪಾಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡುವ ಕಾರನ್ನು ಮುಖ್ಯವಾಗಿ ಎರಡು ಹಿಡಿದೆಳೆಯುತ್ತವೆ: ಟೈರು ಮತ್ತು ಗಾಳಿ. ಟೈರು ಉರುಳುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗಿ ಮತ್ತೆ ಉಬ್ಬುತ್ತದೆ. ಹೀಗಾದಾಗಲೆಲ್ಲ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ವೇಗ ಏರಿದರೂ ಈ ತಡೆ ಅಷ್ಟೇನೂ ಏರುವುದಿಲ್ಲ. ಗಾಳಿ ಹಾಗಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಜನ ಸೇರಿ 1,300 ಕೆ.ಜಿ. ತೂಗುವ ಮಧ್ಯಮ ಗಾತ್ರದ ಕಾರೊಂದನ್ನು ಲೆಕ್ಕಕ್ಕೆ ಹಿಡಿಯೋಣ. ಟೈರಿನ ತಡೆ ಸುಮಾರು 150 ನ್ಯೂಟನ್ (ಬಲವನ್ನು ಅಳೆಯುವ ಮಾನ). ಗಾಳಿಯ ತಡೆ 60ರ ವೇಗದಲ್ಲಿ ಸುಮಾರು 110 ನ್ಯೂಟನ್, 80ರಲ್ಲಿ 200, 100ರಲ್ಲಿ 310, 120ರಲ್ಲಿ 450. ಎರಡನ್ನೂ ಕೂಡಿಸಿ ನೋಡಿ. 80ರಿಂದ 100ಕ್ಕೆ ಹೋದರೆ ಕಾರನ್ನು ತಳ್ಳಲು ಬೇಕಾದ ಬಲ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಜಾಸ್ತಿಯಾಯಿತು. 120 ಮುಟ್ಟಿದರೆ ಶೇಕಡಾ 70ರಷ್ಟು ಜಾಸ್ತಿ. ಅದೇ ಕಾರು, ಅದೇ ರಸ್ತೆ, ಅದೇ ಪೆಟ್ರೋಲು. ಬದಲಾಗಿದ್ದು ಬಲಗಾಲು ಒತ್ತಿದ್ದಷ್ಟೇ.

ಆದ್ದರಿಂದ ಹೆದ್ದಾರಿಯಲ್ಲೇ ಜಾಸ್ತಿ ಓಡಾಡುವವರು ಕಾರಿನ ಆಕಾರವನ್ನು ಗಮನವಿಟ್ಟು ನೋಡಬೇಕು. ತಗ್ಗಾದ, ಹಿಂಭಾಗ ಇಳಿಜಾರಾಗಿ ಮುಗಿಯುವ ಸೆಡಾನ್‌ಗಳ ಗಾಳಿತಡೆ ಗುಣಾಂಕ, ಅಂದರೆ ಆಕಾರ ಗಾಳಿಗೆ ಎಷ್ಟು ಅಡ್ಡಿಯಾಗುತ್ತದೆ ಅನ್ನುವ ಅಂಕಿ, ಸಾಮಾನ್ಯವಾಗಿ 0.3ರ ಆಸುಪಾಸಿನಲ್ಲಿರುತ್ತದೆ. ಚೌಕಾಕಾರದ, ಎತ್ತರದ ಜೀಪು ಮಾದರಿಯ ಗಾಡಿಗಳಲ್ಲಿ ಅದು 0.4 ದಾಟುತ್ತದೆ. ಜೊತೆಗೆ ಗಾಳಿಗೆ ಎದುರಾಗುವ ಅವುಗಳ ಮೈಯೂ ದೊಡ್ಡದು. ಅಡಿಕೆ ತೋಟದ ಕೆಸರಿನ ದಾರಿಗೆ ಬೊಲೆರೊ ಬಿಟ್ಟರಿಲ್ಲ, ನಿಜ. ಅದನ್ನೇ ಹತ್ತಿ ತಿಂಗಳಿಗೆ ಮೂರು ಸಲ ಬೆಂಗಳೂರಿಗೆ ಹೋಗುವುದು ಮಾತ್ರ ದುಡ್ಡು ಸುಡುವ ಕೆಲಸ. ಹಿಂದಿನವರು ಮೇಲೆ ಕ್ಯಾರಿಯರ್ ಹಾಕಿಸಿದ್ದರೆ, ಬೇಡದಿದ್ದರೆ ಬಿಚ್ಚಿಸಿ. ಖಾಲಿ ಕ್ಯಾರಿಯರ್ ಕೂಡ ಗಾಳಿಯನ್ನು ತಡೆಯುತ್ತದೆ.

ಮೈಲೇಜಿನ ಬಗ್ಗೆ ಇನ್ನೊಂದು ಲೆಕ್ಕ ಬಹಳ ಜನರ ಗಮನಕ್ಕೆ ಬರುವುದಿಲ್ಲ. ವರ್ಷಕ್ಕೆ 12,000 ಕಿ.ಮೀ. ಓಡಿಸುತ್ತೀರಿ ಅಂದುಕೊಳ್ಳಿ. ಲೀಟರಿಗೆ 15 ಕೊಡುವ ಕಾರಿಗೆ 800 ಲೀಟರ್ ಬೇಕು. 20 ಕೊಡುವುದಕ್ಕೆ 600, 25 ಕೊಡುವುದಕ್ಕೆ 480. ಅಂದರೆ 15ರಿಂದ 20ಕ್ಕೆ ಹೋದರೆ 200 ಲೀಟರ್ ಉಳಿತಾಯ, 20ರಿಂದ 25ಕ್ಕೆ ಹೋದರೆ ಬರೀ 120. ಲೀಟರಿಗೆ 100 ರೂಪಾಯಿ ಅಂತ ಹಿಡಿದರೂ ಎರಡನೆಯದರಲ್ಲಿ ವರ್ಷಕ್ಕೆ ಉಳಿಯುವುದು 12,000 ರೂಪಾಯಿ. ಆ ಐದು ಕಿಲೋಮೀಟರಿನ ಆಸೆಗೆ ಒಂದು ಲಕ್ಷ ಜಾಸ್ತಿ ಕೊಟ್ಟರೆ ಆ ದುಡ್ಡು ವಾಪಸ್ ಬರಲು ಎಂಟು ವರ್ಷ ಬೇಕು. ಹತ್ತು, ಹನ್ನೆರಡು ಕೊಡುವ ಕಾರನ್ನು ಬಿಡಿ. 18 ದಾಟಿದ ಮೇಲೆ ಮೈಲೇಜಿಗೆ ಜೋತು ಬೀಳುವುದನ್ನೂ ಬಿಡಿ.

ಇನ್ನು ಎಂಜಿನ್ನು. ಸಪಾಟು ರಸ್ತೆಯಲ್ಲಿ 80ರಲ್ಲಿ ಓಡಲು ನಮ್ಮ ಲೆಕ್ಕದ ಕಾರಿಗೆ ಹತ್ತು-ಹನ್ನೊಂದು ಅಶ್ವಶಕ್ತಿ ಸಾಕು. ಹಾಗಾದರೆ ಚಿಕ್ಕ ಎಂಜಿನ್ನೇ ಸಾಕಲ್ವಾ? ಸಾಕು, ರಸ್ತೆ ಖಾಲಿ ಇದ್ದರೆ. ಆದರೆ ಲಾರಿಯನ್ನು ಹಿಂದೆ ಹಾಕುವಾಗ, ಏರಿನಲ್ಲಿ ನಾಲ್ಕು ಜನರನ್ನು ಹೊತ್ತು ಹತ್ತುವಾಗ ಚಿಕ್ಕ ಎಂಜಿನ್ನು ಏದುಸಿರು ಬಿಡುತ್ತದೆ. ಚಿಕ್ಕ ಕಾರುಗಳ ಕೊನೆಯ ಗೇರು ಕೂಡ ಊರೊಳಗಿನ ಓಡಾಟಕ್ಕೆ ಹೊಂದುವಂತೆ ಇರುವುದೇ ಹೆಚ್ಚು. 100ರಲ್ಲಿ ಎಂಜಿನ್ನು ನಿಮಿಷಕ್ಕೆ 3,000 ಸುತ್ತು ದಾಟಿ ಗುಂಯ್ಗುಡುತ್ತದೆ. ಮೂರು ಗಂಟೆ ಆ ಸದ್ದು ಕೇಳಿದರೆ ತಲೆ ಭಾರವಾಗುತ್ತದೆ. ಟೆಸ್ಟ್ ಡ್ರೈವ್‌ಗೆ ಊರೊಳಗೆ ಎರಡು ಸುತ್ತು ಹೊಡೆದರೆ ಇದು ಗೊತ್ತಾಗುವುದಿಲ್ಲ. ಭದ್ರಾವತಿ ಕಡೆ ಹೈವೇಗೆ ತಗೊಂಡು ಹೋಗಿ, ಹಾಡು ಬಂದ್ ಮಾಡಿ, ಕೊನೆಯ ಗೇರಿನಲ್ಲಿ 80ರಲ್ಲಿ ಓಡಿಸಿ ಕಿವಿಗೊಡಿ. ಬೇರಿಂಗ್ ಹೋಗಿದ್ದರೆ ವೇಗದ ಜೊತೆಗೆ ಏರುವ ಗೊರ್ ಸದ್ದು ಬರುತ್ತದೆ. ಸ್ಟೀರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ಸರಿ ಇಲ್ಲ, ಇಲ್ಲವೇ ರಿಮ್ ಬೆಂಡ್ ಆಗಿದೆ.

ಪೆಟ್ರೋಲೋ ಡೀಸೆಲ್ಲೋ? ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ಶೇಕಡಾ 10ಕ್ಕೂ ಜಾಸ್ತಿ ಶಕ್ತಿ ಇದೆ. ಡೀಸೆಲ್ ಎಂಜಿನ್ನು ಗಾಳಿಯನ್ನು ಇನ್ನೂ ಬಿಗಿಯಾಗಿ ಅದುಮುವುದರಿಂದ ಆ ಶಕ್ತಿಯನ್ನು ಬಳಸಿಕೊಳ್ಳುವುದರಲ್ಲೂ ಮುಂದೆ. ದೂರದ ಓಡಾಟಕ್ಕೆ ಇದು ಹೇಳಿ ಮಾಡಿಸಿದ್ದು. ಆದರೆ 2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಡಿಪಿಎಫ್ ಅಂತಾರೆ. ಅದರೊಳಗಿನ ಮಸಿ ಸುಟ್ಟು ಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು, ಅಂದರೆ ಕಾರು ನಿಲ್ಲದೆ ಸ್ವಲ್ಪ ಹೊತ್ತು ಓಡಬೇಕು. ಮನೆಯಿಂದ ಗೋಪಿ ಸರ್ಕಲ್‌ಗೆ, ಗೋಪಿ ಸರ್ಕಲ್‌ನಿಂದ ಮನೆಗೆ ಅಂತಲೇ ಓಡಿದ ಡೀಸೆಲ್ ಕಾರಿನಲ್ಲಿ ಅದು ಕಟ್ಟಿಕೊಂಡಿರುವ ಸಾಧ್ಯತೆ ಜಾಸ್ತಿ. ಹೊಸದು ಹಾಕಿಸುವುದು ದುಬಾರಿ. ಹಾಗಾಗಿ ಎಷ್ಟು ಓಡಿದೆ ಅನ್ನುವುದಕ್ಕಿಂತ ಎಲ್ಲಿ ಓಡಿದೆ ಅಂತ ಕೇಳಿ. ಊರೊಳಗೆ ತಣ್ಣಗಿನ ಎಂಜಿನ್ನಿನಲ್ಲಿ, ಕ್ಲಚ್ ತುಳಿದು ತುಳಿದು ಓಡಿದ 40,000ಕ್ಕಿಂತ ಹೈವೇಯಲ್ಲಿ ಒಂದೇ ಸಮ ಓಡಿದ 80,000 ಎಷ್ಟೋ ಸಲ ಮೇಲು. ಮೀಟರ್ ತಿರುಗಿಸಿದ್ದಾರಾ ಅಂತ ಅನುಮಾನ ಬಂದರೆ ಬ್ರೇಕ್ ಪೆಡಲ್ಲಿನ ರಬ್ಬರ್, ಸ್ಟೀರಿಂಗಿನ ಚರ್ಮ, ಡ್ರೈವರ್ ಸೀಟಿನ ಬಲಅಂಚು ನೋಡಿ. 30,000 ಓಡಿದ ಕಾರಿನಲ್ಲಿ ಇವು ನುಣ್ಣಗೆ ಸವೆದಿರುವುದಿಲ್ಲ.

ಪೆಟ್ರೋಲ್ ಕಾರಿನವರಿಗೂ ಒಂದು ಮಾತು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಹಾಗಾಗಿ ಈ ಮಿಶ್ರಣದಲ್ಲಿ ಲೀಟರಿಗೆ ಶೇಕಡಾ ಆರೇಳರಷ್ಟು ಶಕ್ತಿ ಕಮ್ಮಿ. ಹಳೇ ಮಾಲೀಕರು 2018ರಲ್ಲಿ ನೋಡಿದ ಮೈಲೇಜು ಇವತ್ತು ಬರದಿದ್ದರೆ ಆಶ್ಚರ್ಯವಿಲ್ಲ. ತುಂಬಾ ಹಳೇ ಕಾರಾದರೆ ಪೆಟ್ರೋಲ್ ಹೋಗುವ ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆಯಾ ಅಂತ ಮೆಕ್ಯಾನಿಕ್ ಹತ್ತಿರ ನೋಡಿಸಿ.

ಕೂತವರಿಗೆ ಹಿತ ಅನ್ನಿಸುವುದು ಮೆತ್ತನೆ ಸೀಟಿನಿಂದ ಮಾತ್ರ ಅಲ್ಲ. ಕೂತಿರುವ ಮನುಷ್ಯನ ಮೈಗೆ ಸೆಕೆಂಡಿಗೆ 4ರಿಂದ 8 ಸಲ ಮೇಲೆ ಕೆಳಗೆ ಆಡುವ ಅದುರು ಎಲ್ಲಕ್ಕಿಂತ ಜಾಸ್ತಿ ತ್ರಾಸು ಕೊಡುತ್ತದೆ. ಹೊಟ್ಟೆಯ ಭಾಗ, ಬೆನ್ನು ಆ ಲಯಕ್ಕೆ ತಾವೂ ಅಲುಗತೊಡಗುತ್ತವೆ. ಒಳ್ಳೆಯ ಸಸ್ಪೆನ್ಷನ್ ಕಾರನ್ನು ಸೆಕೆಂಡಿಗೆ ಒಂದು, ಒಂದೂವರೆ ಸಲದ ನಿಧಾನ ಲಯದಲ್ಲಿ ತೂಗಿಸುತ್ತದೆ. ನಾವು ನಡೆಯುವಾಗ ಮೈ ಆಡುವುದೂ ಹೆಚ್ಚುಕಮ್ಮಿ ಅಷ್ಟೇ ನಿಧಾನ. ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ಆ ತೂಗು ನಿಲ್ಲುವುದೇ ಇಲ್ಲ. ಬಾನೆಟ್ಟಿನ ಮೂಲೆ ಹಿಡಿದು ಜೋರಾಗಿ ಅದುಮಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ, ಎರಡು ಮೂರು ಸಲ ಕುಣಿದರೆ ಕೆಲಸ ಇದೆ.

ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ ಉದ್ದವಿದ್ದಷ್ಟೂ ರಸ್ತೆಯ ಉಬ್ಬುತಗ್ಗಿಗೆ ಕಾರು ಮುಂದೆ ಹಿಂದೆ ತೊನೆಯುವುದು ಕಡಿಮೆ. ಆಲ್ಟೊ 800ರಲ್ಲಿ ಇದು 2,360 ಮಿ.ಮೀ., ಸಿಯಾಜ್‌ನಲ್ಲಿ 2,650. ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಗೆ ಈ ವ್ಯತ್ಯಾಸ ತಿಪಟೂರು ಬರುವಷ್ಟರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಘಾಟಿಯಲ್ಲಿ ಮಕ್ಕಳು ವಾಂತಿ ಮಾಡುವುದಕ್ಕೆ ಕಾರಣ ಬೇರೆ. ಅಲ್ಲಿ ಕೆಲವು ಸೆಕೆಂಡಿಗೊಮ್ಮೆ ಮೈ ಎಡಕ್ಕೂ ಬಲಕ್ಕೂ ವಾಲುತ್ತದೆ. ಒಳಕಿವಿ ಅದನ್ನು ಹಿಡಿಯುತ್ತದೆ. ಕಣ್ಣು ಮಾತ್ರ ಎದುರಿನ ಸೀಟನ್ನೇ ನೋಡುತ್ತಾ ಏನೂ ಆಗಿಲ್ಲ ಅನ್ನುತ್ತದೆ. ಹಿಂದಿನ ಸೀಟಿನಿಂದಲೂ ಮುಂದಿನ ರಸ್ತೆ ಕಾಣುವಂಥ ಕಾರು ಇಂಥವರಿಗೆ ಒಳ್ಳೆಯದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ನಮ್ಮ 1,300 ಕೆ.ಜಿ. ಕಾರು 500 ಮೀಟರ್ ಎತ್ತರ ಇಳಿಯಿತು ಅಂದರೆ 60 ಲಕ್ಷ ಜೂಲ್‌ಗೂ ಜಾಸ್ತಿ ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಅಷ್ಟು ಶಕ್ತಿಯಲ್ಲಿ ಬಚ್ಚಲ ಹಂಡೆಯಲ್ಲಿ 20 ಲೀಟರ್ ತಣ್ಣೀರು ಕುದಿಯುತ್ತದೆ. ಪೆಟ್ರೋಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡಿ ಇಳಿಸಿದರೆ ಆ ಬಿಸಿಯ ಬಹುಪಾಲು ಬ್ರೇಕಿಗೇ ಹೋಗುತ್ತದೆ. ಉಳಿತಾಯವೂ ಆಗುವುದಿಲ್ಲ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ನು ಆರದಿರಲು ಇಂಧನ ಹೋಗುತ್ತಲೇ ಇರುತ್ತದೆ. ಎರಡನೇ ಗೇರಿನಲ್ಲಿ ಇಳಿಸಿ.

ಹಳೇ ಕಾರಿನಲ್ಲಿ ಇದರ ಜೊತೆ ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಇದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ತೇವಕ್ಕೇನು ಕಮ್ಮಿ? ಡಾಟ್ 4 ದರ್ಜೆಯ ಹೊಸ ಆಯಿಲ್ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನುವುದು ನಿಯಮ. ಶೇಕಡಾ ಮೂರು-ನಾಲ್ಕರಷ್ಟು ನೀರು ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯ ನಡುವೆ ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಅದುಮಲಾಗದು, ಆದರೆ ಆವಿ ಅದುಮಿಸಿಕೊಳ್ಳುತ್ತದೆ. ಪೆಡಲ್ ತುಳಿದರೆ ಕಾಲು ಸೀದಾ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಬಾನೆಟ್ ತೆಗೆದು ಆ ಚಿಕ್ಕ ಡಬ್ಬಿ ನೋಡಿ. ಹೊಸ ಆಯಿಲ್ ತಿಳಿಹಳದಿ ಇರುತ್ತದೆ, ಹಳತಾದದ್ದು ಕಡುಕಂದಾಗಿರುತ್ತದೆ. ಯಾವ ಬಣ್ಣ ಇದ್ದರೂ ಸರಿ, ಕಾರು ಮನೆಗೆ ತಂದ ವಾರದಲ್ಲೇ ಬದಲಿಸಿ. ಖರ್ಚು ತೀರಾ ಕಮ್ಮಿ.

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಆದದ್ದು. ಟೈರಿನ ಮೇಲಿನ ಗೀರುಗಳು ಆಳವಿದ್ದರೂ ಆರೇಳು ವರ್ಷದ ರಬ್ಬರ್ ಗಟ್ಟಿಯಾಗಿ ಒದ್ದೆ ರಸ್ತೆಯಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಡ್ಡ ಸವರಿ. ಒಂದು ಕಡೆ ನುಣುಪು, ಇನ್ನೊಂದು ಕಡೆ ಗರಗರ ಇದ್ದರೆ ಅಲೈನ್‌ಮೆಂಟ್ ಕೆಟ್ಟಿದೆ, ಇಲ್ಲವೇ ಎಲ್ಲೋ ಗುದ್ದಿದ ಕಾರು. ಕೆಎ 19, ಕೆಎ 20, ಅಂದರೆ ಮಂಗಳೂರು, ಉಡುಪಿ ಕಡೆಯ ಗಾಡಿಯಾದರೆ ಜಾಕ್ ಹಾಕಿ ಅಡಿಭಾಗ ನೋಡಲೇಬೇಕು. ಉಪ್ಪುಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಬುಡದ ಕಡೆ ಕೆಸರಿನ ಗೆರೆ ಕಂಡರೆ ಅದು ನೆರೆ ನೀರಿನಲ್ಲಿ ನಿಂತಿದ್ದ ಕಾರು, ಮುಟ್ಟಬೇಡಿ. ಎಸಿಯನ್ನು ಸೆಕೆಗಾಗಿ ಅಲ್ಲ, ಮಳೆಗಾಗಿ ಪರೀಕ್ಷಿಸಿ. ಒಳಗಿನ ತೇವ ತೆಗೆದು ಗಾಜಿನ ಮಂಜು ಬಿಡಿಸುವುದು ಅದೇ.

ನನ್ನನ್ನು ಕೇಳಿದರೆ ದೂರದ ಓಡಾಟಕ್ಕೆ 2019ರ ಜುಲೈ ನಂತರದ, ಒಂದೂವರೆ ಲೀಟರ್ ಆಸುಪಾಸಿನ ಪೆಟ್ರೋಲ್ ಸೆಡಾನ್ ಹೇಳುತ್ತೇನೆ. ಸಿಯಾಜ್, ಹೋಂಡಾ ಸಿಟಿ, ವರ್ನಾ, ಇಂಥವು. ಆ ಹೊತ್ತಿಗೆ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಬ್ರೇಕ್ (ಜೋರಾಗಿ ತುಳಿದರೂ ಚಕ್ರ ಲಾಕ್ ಆಗದಂತೆ ತಡೆಯುವಂಥದ್ದು) ಮತ್ತು ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಗಿದ್ದವು. ಸೆಡಾನ್ ಈಗ ಫ್ಯಾಶನ್ ಅಲ್ಲದ ಕಾರಣ ಬೆಲೆಯೂ ಎತ್ತರದ ಗಾಡಿಗಳಷ್ಟಿಲ್ಲ. ಮನೆಯ ಗೇಟಿನವರೆಗೆ ಕಲ್ಲು ಎದ್ದ ಮಣ್ಣು ದಾರಿ ಇರುವವರು ಮಾತ್ರ, ನಾಲ್ಕು ಜನರನ್ನು ಕೂರಿಸಿ ಆ ದಾರಿಯಲ್ಲೇ ಒಮ್ಮೆ ಓಡಿಸಿ, ಹೊಟ್ಟೆ ತಾಗುತ್ತಾ ನೋಡಿ ಆಮೇಲೆ ಮಾತಾಡಬೇಕು.

ಬೆಲೆ ಕುದುರಿದ ಮೇಲೆ ಕಾರನ್ನು ನಿಮ್ಮ ಹೆಸರಿಗೆ ವರ್ಗಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿ. ಸಾಲದ ಕಾರಾಗಿದ್ದರೆ ಸಾಲ ತೀರಿದೆ ಅನ್ನುವ ಬ್ಯಾಂಕಿನ ಫಾರಂ 35 ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ಬಾಕಿ ಇರುವ ದಂಡ ನೋಡಿ, ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸಿ. ಹಿಂದಿನವರ ಫಾಸ್ಟ್ಯಾಗ್ ಗಾಜಿನಿಂದ ಕಿತ್ತರೆ ಸಾಲದು. ಅವರ ಬ್ಯಾಂಕಿನಲ್ಲಿ ಅದನ್ನು ಮುಚ್ಚಿಸಿದ ಮೇಲೇ ನಿಮ್ಮ ಹೆಸರಿಗೆ ಹೊಸದು ಸಿಗುತ್ತದೆ.