ಗೈಡ್ ಎಚ್-ಇಂಡೆಕ್ಸ್ ಒಂದು ಕಡೆ 19, ಇನ್ನೊಂದು ಕಡೆ 13: ಯಾವುದನ್ನು ನಂಬುವುದು?

ಪ್ರಶ್ನೆ: ಮಗಳು ದೇರಳಕಟ್ಟೆಯಲ್ಲಿ ಎಂ.ಫಾರ್ಮ್ ಮುಗಿಸಿದ್ದಾಳೆ. ಫಾರ್ಮಕಾಲಜಿಯಲ್ಲಿ ಪಿಎಚ್.ಡಿ. ಮಾಡಲು ಒಬ್ಬ ಪ್ರಾಧ್ಯಾಪಕರನ್ನು ನೋಡಿಟ್ಟುಕೊಂಡಿದ್ದಾಳೆ. ಅವರ ಎಚ್-ಇಂಡೆಕ್ಸ್ (ಪೇಪರುಗಳಿಗೆ ಸಿಕ್ಕ ಉಲ್ಲೇಖಗಳಿಂದ ಲೆಕ್ಕ ಹಾಕುವ ಅಂಕಿ) ಗೂಗಲ್ ಸ್ಕಾಲರ್‌ನಲ್ಲಿ 19, ಸ್ಕೋಪಸ್‌ನಲ್ಲಿ 13. ಒಂದು ಸುಳ್ಳಿರಬೇಕಲ್ಲ?
(ಬದಿಯಡ್ಕದ ಓದುಗರೊಬ್ಬರು)

ಉತ್ತರ: ಎರಡೂ ಸರಿಯೇ ಇರಬಹುದು. ಗೂಗಲ್ ಸ್ಕಾಲರ್, ಸ್ಕೋಪಸ್ ಎರಡೂ ಸಂಶೋಧನಾ ಲೇಖನಗಳನ್ನೂ ಅವುಗಳಿಗೆ ಸಿಕ್ಕ ಉಲ್ಲೇಖಗಳನ್ನೂ ಪಟ್ಟಿ ಮಾಡುವ ಅಂತರ್ಜಾಲ ತಾಣಗಳು. ಲೆಕ್ಕದ ಸೂತ್ರ ಒಂದೇ, ಎಣಿಸುವ ರಾಶಿ ಬೇರೆ ಬೇರೆ.

ಮೊದಲು ಸೂತ್ರ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ್ದು ಇದು: ಎಷ್ಟು ಪೇಪರುಗಳಿಗೆ ತಲಾ ಅಷ್ಟಾದರೂ ಸೈಟೇಶನ್ (ಬೇರೆ ಪೇಪರುಗಳಲ್ಲಿ ಉಲ್ಲೇಖ) ಇದೆಯೋ, ಆ ಅತಿ ದೊಡ್ಡ ಸಂಖ್ಯೆಯೇ ಎಚ್-ಇಂಡೆಕ್ಸ್. ಒಬ್ಬರ ಪೇಪರುಗಳನ್ನು ಸೈಟೇಶನ್ ಹೆಚ್ಚಿರುವುದರಿಂದ ಇಳಿಕೆಯಲ್ಲಿ ಬರೆಯಿರಿ: 34, 21, 15, 9, 8, 6, 6, 3. ಆರನೆಯ ಪೇಪರಿಗೆ 6 ಇದೆ. ಏಳನೆಯದಕ್ಕೆ 7 ಬೇಕಿತ್ತು, ಇರುವುದು 6. ಅಲ್ಲಿಗೆ ಎಚ್-ಇಂಡೆಕ್ಸ್ 6. ಮೊದಲನೆಯದಕ್ಕೆ 34ರ ಬದಲು 3,400 ಬಂದರೂ ಅದು ಕದಲುವುದಿಲ್ಲ.

ಗೂಗಲ್ ಸ್ಕಾಲರ್ ಸಿಕ್ಕಿದ್ದನ್ನೆಲ್ಲ ಎಣಿಸುತ್ತದೆ: ಜರ್ನಲ್, ಪುಸ್ತಕ, ಪ್ರಿಪ್ರಿಂಟ್ (ತಜ್ಞರ ಪರಿಶೀಲನೆಗೆ ಮೊದಲೇ ಹಂಚಿದ ಲೇಖನ), ಪಿಎಚ್.ಡಿ. ಪ್ರಬಂಧ, ಸಮ್ಮೇಳನದ ಹೊತ್ತಗೆ. ಸ್ಕೋಪಸ್ ತಾನು ಆರಿಸಿದ ಪ್ರಕಟಣೆಗಳನ್ನಷ್ಟೇ ನೋಡುತ್ತದೆ. ಹಾಗಾಗಿ ಸ್ಕಾಲರ್ ಸಂಖ್ಯೆ ಮೇಲಿರುವುದು ಸಹಜ. ಇಬ್ಬರನ್ನು ಹೋಲಿಸುವಾಗ ಒಂದೇ ಕಡೆಯ ಸಂಖ್ಯೆ ಹಿಡಿಯಿರಿ. ನನ್ನ ಆಯ್ಕೆ ಸ್ಕೋಪಸ್. ಲೇಖಕರ ಹೆಸರು ಹಾಕಿ ಹುಡುಕಲು ಅಲ್ಲಿ ಚಂದಾ ಬೇಕಿಲ್ಲ.

ಆದರೆ ನಮ್ಮೂರಿನವರ ಹೆಸರಿನಲ್ಲಿ ಸ್ಕೋಪಸ್ ಎಡವುವುದುಂಟು. ಇನಿಶಿಯಲ್ ಒಂದು ಪೇಪರಿನಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಒಂದರಲ್ಲಿ ‘ಭಟ್’ ಇದೆ, ಇನ್ನೊಂದರಲ್ಲಿ ಬಿಟ್ಟುಹೋಗಿದೆ. ಕಾಸರಗೋಡಿಗೆ ಇಂಗ್ಲಿಷಿನಲ್ಲಿ ಎರಡು ಕಾಗುಣಿತ, ಮಂಗಳೂರಿಗೂ ಎರಡು. ಹೀಗೆ ಒಬ್ಬರೇ ಎರಡು ಮೂರು ಪ್ರೊಫೈಲ್‌ಗಳಾಗಿ ಹರಿದು ಹಂಚಿಹೋಗುತ್ತಾರೆ, ಎಚ್-ಇಂಡೆಕ್ಸ್ ಕುಸಿಯುತ್ತದೆ. ಹೆಸರನ್ನು ಬೇರೆ ಬೇರೆ ರೀತಿಯಲ್ಲಿ ಹಾಕಿ ನೋಡಿ. ಸ್ಕಾಲರ್‌ನಲ್ಲಿ ಇದರ ಉಲ್ಟಾ: ಅದೇ ಹೆಸರಿನ ಬೇರೊಬ್ಬರ ಪೇಪರು ತಾನಾಗಿ ಸೇರಿಕೊಳ್ಳುತ್ತದೆ. ಫಾರ್ಮಕಾಲಜಿಯವರ ಪಟ್ಟಿಯಲ್ಲಿ ಕಾಂಕ್ರೀಟ್ ಬಗ್ಗೆ ಪೇಪರು ಕಂಡರೆ ಅದು ಅವರದ್ದಲ್ಲವೆಂದೇ ತಿಳಿಯಿರಿ. ಅವರಿಗೆ ಆರ್ಕಿಡ್ ಐಡಿ (ಸಂಶೋಧಕರ ಗುರುತಿನ ಸಂಖ್ಯೆ, 16 ಅಂಕಿಯದು) ಇದ್ದರೆ ಅದರ ಪಟ್ಟಿಯೊಂದಿಗೆ ತಾಳೆ ನೋಡಿ.

ಸೈಟೇಶನ್ ಎಲ್ಲಿಂದ ಬಂತೆಂದೂ ನೋಡಬೇಕು. ರಿವ್ಯೂ ಲೇಖನಕ್ಕೆ (ಈಗಾಗಲೇ ಬಂದ ಸಂಶೋಧನೆಗಳನ್ನು ಒಟ್ಟುಗೂಡಿಸಿ ವಿಮರ್ಶಿಸುವುದು) ಪ್ರಯೋಗದ ಪೇಪರಿಗಿಂತ ಸಾಮಾನ್ಯವಾಗಿ ಹೆಚ್ಚು ಬರುತ್ತದೆ. ಜಗತ್ತಿನ ಕಾಯಿಲೆಗಳ ಹೊರೆ ಅಳೆಯುವ ‘ಗ್ಲೋಬಲ್ ಬರ್ಡನ್ ಆಫ್ ಡಿಸೀಸ್’ ಅಧ್ಯಯನದ ಪೇಪರುಗಳಲ್ಲಿ ಲೇಖಕರೇ ನೂರಾರು. ಆ ಪಟ್ಟಿಯಲ್ಲಿ ಹೆಸರಿದ್ದರೆ ಸಾವಿರಗಟ್ಟಲೆ ಸೈಟೇಶನ್ ಸಿಗಬಹುದು. ಬ್ರಿಟಿಷ್ ಜರ್ನಲ್ ಆಫ್ ಫಾರ್ಮಕಾಲಜಿಯ ‘ಕನ್ಸೈಸ್ ಗೈಡ್ ಟು ಫಾರ್ಮಕಾಲಜಿ’ ಎಂಬ ಪರಾಮರ್ಶನ ಲೇಖನಮಾಲೆ ಇನ್ನೊಂದು ಬಗೆ: ರಿಸೆಪ್ಟರ್ (ಔಷಧ ಅಂಟಿಕೊಳ್ಳುವ ಜೀವಕೋಶದ ಭಾಗ) ಹೆಸರುಗಳ ಆಧಾರಕ್ಕೆಂದು ಆ ಜರ್ನಲ್‌ನ ಪೇಪರುಗಳು ಅದನ್ನು ಉಲ್ಲೇಖಿಸುತ್ತಾ ಹೋಗುತ್ತವೆ. ಕೆಲಸಕ್ಕೆ ಬೆಲೆ ಇದೆ, ಆದರೆ ಆ ಅಂಕಿ ಪ್ರಯೋಗಶಾಲೆಯ ಬಗ್ಗೆ ಏನೂ ಹೇಳದು.

ಸ್ವಂತ ಉಲ್ಲೇಖ ಎಷ್ಟೆಂದು ತಿಳಿಯಲು ಸ್ಕಾಲರ್‌ನಲ್ಲಿ ಒಂದು ಪೇಪರಿನ ಕೆಳಗಿನ ‘ಸೈಟೆಡ್ ಬೈ’ ಒತ್ತಿ, ‘ಸರ್ಚ್ ವಿದಿನ್ ಸೈಟಿಂಗ್ ಆರ್ಟಿಕಲ್ಸ್’ ಗುರುತು ಹಾಕಿ, ಅವರ ಹೆಸರು ಹುಡುಕಿ. ಹೊಸ ವಿಷಯದಲ್ಲಿ ಸ್ವಲ್ಪ ಇರುವುದು ತಪ್ಪಲ್ಲ. ಮುಕ್ಕಾಲು ಪಾಲು ಅವರದ್ದೇ ಆದರೆ ಯೋಚಿಸಿ.

‘ನನ್ನ ಇಂಪ್ಯಾಕ್ಟ್ ಫ್ಯಾಕ್ಟರ್ ಒಟ್ಟು 60’ ಎಂಬ ಮಾತಿಗೆ ಕಿವಿಗೊಡಬೇಡಿ. ಅದು ಜರ್ನಲ್‌ನ ಅಳತೆ: ಹಿಂದಿನ ಎರಡು ವರ್ಷದ ಲೇಖನಗಳಿಗೆ ಈ ವರ್ಷ ಸಿಕ್ಕ ಉಲ್ಲೇಖಗಳ ಸರಾಸರಿ. ಕೂಡಿಸಿದರೆ ಅರ್ಥವೇ ಇಲ್ಲ.

ಇನ್ನು ಗೈಡ್ ಆಯ್ಕೆ. ಇದಕ್ಕೆ 19 ಬೇಡ, 13 ಕೂಡ ಬೇಡ. ಭಾರತದ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಮಾರ್ಗದರ್ಶಕರ ಹೆಸರು ಹಾಕಿ ಅವರ ಕೈಕೆಳಗೆ ಬಂದ ಪ್ರಬಂಧಗಳನ್ನು ತೆಗೆಯಿರಿ. ನೋಂದಣಿ ಮತ್ತು ಮುಕ್ತಾಯದ ದಿನಾಂಕ ಕೊಟ್ಟಿದ್ದರೆ ಒಬ್ಬೊಬ್ಬರಿಗೆ ಎಷ್ಟು ವರ್ಷ ಹಿಡಿಯಿತೆಂದು ಗೊತ್ತಾಗುತ್ತದೆ. ಆಮೇಲೆ ಅದೇ ವಿದ್ಯಾರ್ಥಿಗಳ ಹೆಸರನ್ನು ಪಬ್‌ಮೆಡ್‌ನಲ್ಲಿ (ವೈದ್ಯಕೀಯ ಲೇಖನಗಳ ಉಚಿತ ಹುಡುಕುತಾಣ) ಹುಡುಕಿ: ಮೊದಲ ಲೇಖಕರ ಜಾಗದಲ್ಲಿ ವಿದ್ಯಾರ್ಥಿ ಇದ್ದಾರೋ, ಗೈಡೇ ಇದ್ದಾರೋ? ಕಳೆದ ಐದು ವರ್ಷದ್ದು ಸಾಕು. ಎಚ್-ಇಂಡೆಕ್ಸ್ ವರ್ಷ ಕಳೆದಂತೆ ತಾನಾಗಿ ಇಳಿಯದ ಕಾರಣ ಹಳೆಯ ಕೆಲಸವೇ ಅದನ್ನು ಎತ್ತಿ ಹಿಡಿದಿರಬಹುದು. ಹಿಂಪಡೆದ ಪೇಪರಿದ್ದರೆ ಪಬ್‌ಮೆಡ್ ಅದರ ಮೇಲೆಯೇ ‘ರಿಟ್ರಾಕ್ಟೆಡ್’ ಎಂದು ತೋರಿಸುತ್ತದೆ. ಅಂಥ ಪೇಪರಿನ ಸೈಟೇಶನ್ ಕೂಡ ಎಚ್-ಇಂಡೆಕ್ಸ್‌ನಲ್ಲಿ ಕುಳಿತೇ ಇರಬಹುದು.