ಕಂಪ್ಯೂಟರಿನ ಸಿಪಿಯುಗೆ (ಮುಖ್ಯ ಚಿಪ್‌ಗೆ) ಏರ್ ಕೂಲರ್ ಸಾಕಾ, ಲಿಕ್ವಿಡ್ ಬೇಕಾ? ವ್ಯಾಟ್ ಲೆಕ್ಕ ಹಾಕಿ ನೋಡೋಣ

ಮೊದ್ಲು ಒಂದು ವಿಷಯ ತಲೇಲಿ ಇಟ್ಕೊಳಿ. ಏರ್ ಆಗ್ಲಿ ಲಿಕ್ವಿಡ್ ಆಗ್ಲಿ, ಕೊನೆಗೆ ಶಾಖ ಬಿಡೋದು ರೂಮಿನ ಗಾಳಿಗೇನೇ. ಲಿಕ್ವಿಡ್ ಹಾಕಿದ್ರೆ ಸಿಪಿಯು ಕೊರೀತಾ ಇರತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಂಗೇನಿಲ್ಲ, ರೂಮ್ ಟೆಂಪರೇಚರ್‌ಗಿಂತ ಕೆಳಗೆ ಎರಡೂ ಇಳಿಸಲ್ಲ.

ಏರ್ ಕೂಲರಿನ ತಾಮ್ರದ ಹೀಟ್ ಪೈಪ್ ಒಳಗೂ ಚೂರು ನೀರಿರತ್ತೆ. ಒಳಗೆ ಒತ್ತಡ ಕಮ್ಮಿ ಇರೋದ್ರಿಂದ ಸಿಪಿಯು ಕಡೆ ಬೇಗ ಆವಿಯಾಗಿ, ಫಿನ್ (ಶಾಖ ಗಾಳಿಗೆ ಬಿಡೋ ತೆಳು ಲೋಹದ ಹಾಳೆ) ಕಡೆ ಹೋಗಿ ಮತ್ತೆ ನೀರಾಗಿ ವಾಪಸ್ ಬರತ್ತೆ, ಪಂಪೇ ಬೇಡ. ಎಐಒ ಅಂದ್ರೆ ಆಲ್ ಇನ್ ಒನ್ ಲಿಕ್ವಿಡ್ ಕೂಲರಲ್ಲಿ ಪಂಪು, ಟ್ಯೂಬು, ನೀರಿನ ಶಾಖ ಗಾಳಿಗೆ ಬಿಡೋ ರೇಡಿಯೇಟರ್ ಇರತ್ತೆ. 1 ಗ್ರಾಂ ನೀರು 1 ಡಿಗ್ರಿ ಬಿಸಿಯಾಗೋಕೆ 4.18 ಜೂಲ್ ಬೇಕು. ನಿಮಿಷಕ್ಕೆ 1 ಲೀಟರ್ ಹರಿದ್ರೆ 250 ವ್ಯಾಟ್ ಹೊತ್ಕೊಂಡು ಹೋಗೋಕೆ ನೀರು ಬರೀ 3.6 ಡಿಗ್ರಿ ಏರತ್ತೆ ಅಷ್ಟೆ. ಅಂದ್ರೆ ಸಾಗಿಸೋದು ಕಷ್ಟ ಅಲ್ಲ, ಗಾಳಿಗೆ ದಾಟಿಸೋದೇ ಕಷ್ಟ, ಅದಕ್ಕೇ ಚಿಕ್ಕ 120 ಮಿಮೀ ರೇಡಿಯೇಟರಿನ ಎಐಒಗೆ ದುಡ್ಡು ಹಾಕೋದು ದಂಡ ಅಂತ ನನ್ನ ಅಭಿಪ್ರಾಯ, ಒಳ್ಳೆ ಡ್ಯುಯಲ್ ಟವರ್ (ಫಿನ್‌ಗಳ ಎರಡು ಗೋಪುರ ಇರೋ) ಏರ್ ಕೂಲರೇ ವಾಸಿ.

ಈಗ ಲೆಕ್ಕ. ಸಿಪಿಯು ಟೆಂಪರೇಚರ್ = ರೂಮ್ + ವ್ಯಾಟ್ × ಥರ್ಮಲ್ ರೆಸಿಸ್ಟೆನ್ಸ್ (ಒಂದು ವ್ಯಾಟ್‌ಗೆ ಎಷ್ಟು ಡಿಗ್ರಿ ಏರತ್ತೆ ಅನ್ನೋದು). ಲೆಕ್ಕಕ್ಕೆ ಅಂತ ರೆಸಿಸ್ಟೆನ್ಸ್ 0.3 ಇಟ್ಕೊಳಿ. ಇಂಟೆಲ್ ಐ9-14900ಕೆ ಫುಲ್ ಲೋಡಲ್ಲಿ 253 ವ್ಯಾಟ್, ಅಂದ್ರೆ ರೂಮಿಗಿಂತ 76 ಡಿಗ್ರಿ ಜಾಸ್ತಿ. ರೂಮ್ 24 ಇದ್ರೇನೇ 100 ಮುಟ್ತು, ಆ ಚಿಪ್ಪಿನ ಮಿತಿನೂ 100ನೇ. ಮೇ ತಿಂಗಳಲ್ಲಿ ಕಲಬುರಗಿಲೋ ರಾಯಚೂರಲ್ಲೋ ಎಸಿ ಇಲ್ದಿರೋ ರೂಮ್ 38 ಇದ್ರೆ? ದೊಡ್ಡ 360 ಮಿಮೀ ರೇಡಿಯೇಟರ್ ಹಾಕಿ 0.25ಕ್ಕೆ ಇಳಿಸಿದ್ರೂ 101 ಬರತ್ತೆ, ಥ್ರಾಟಲ್ (ಬಿಸಿ ಜಾಸ್ತಿಯಾಗಿ ಚಿಪ್ ತಾನೇ ವೇಗ ಇಳಿಸ್ಕೊಳೋದು) ಗ್ಯಾರಂಟಿ. ಅದೇ ಎಎಂಡಿಯ ರೈಜನ್ 5 7600 ಸಿಪಿಯು ಆದ್ರೆ ಹೆಚ್ಚಂದ್ರೆ 88 ವ್ಯಾಟ್ ಎಳೆಯತ್ತೆ, 38ರ ರೂಮಲ್ಲೂ ಲೆಕ್ಕಕ್ಕೆ 64. ನಿಜದಲ್ಲಿ ಇದಕ್ಕಿಂತ ಜಾಸ್ತಿ ತೋರ್ಸತ್ತೆ, ಯಾಕಂದ್ರೆ ಅದ್ರ ಕೋರ್‌ಗಳಿರೋ ಚಿಪ್ಲೆಟ್ (ಚಿಪ್ಪಿನ ತುಂಡು) ಬರೀ 70 ಚದರ ಮಿಮೀ ಆಸುಪಾಸು, ಅಷ್ಟು ಚಿಕ್ಕ ಜಾಗದಿಂದ ಶಾಖ ಹೊರಗೆ ಬರೋದೇ ತಡ, ಎಷ್ಟು ದುಬಾರಿ ಕೂಲರ್ ಕೂರಿಸಿದ್ರೂ ಆ ಭಾಗ ಬದಲಾಗಲ್ಲ.

ಟೆಸ್ಟ್ ನೋಡೋವಾಗ ಒಂದು ಹುಷಾರು: ಎಐಒ ನೀರು ಬಚ್ಚಲಮನೆ ಹಂಡೆ ಇದ್ದಂಗೆ, ನಿಧಾನಕ್ಕೆ ಕಾಯತ್ತೆ. ಐದು ನಿಮಿಷದ ಬೆಂಚ್‌ಮಾರ್ಕಲ್ಲಿ ಸೂಪರ್ ಕಾಣತ್ತೆ, ಅರ್ಧ ಗಂಟೆ ರೆಂಡರ್ (ವಿಡಿಯೋ, 3ಡಿ ಚಿತ್ರ ತಯಾರಿಸೋ ಭಾರಿ ಕೆಲಸ) ಹಾಕಿದ್ಮೇಲೆ ಬರೋ ನಂಬರೇ ನಿಜವಾದ್ದು.

ಕೆಟ್ಟೋದ್ರೆ? ಏರ್ ಕೂಲರಲ್ಲಿ ಓಡಾಡೋ ಪಾರ್ಟ್ ಫ್ಯಾನ್ ಒಂದೇ, ಹೊಸದು ಸಿಕ್ಕಿಸಿದ್ರೆ ಮುಗೀತು. ಎಐಒ ಪಂಪ್ ನಿಂತ್ರೆ ಸಾಮಾನ್ಯವಾಗಿ ಇಡೀ ಸೆಟ್ಟೇ ಬದಲಿಸ್ಬೇಕು, ಲೀಕ್ ಆಗ್ದೇ ಇದ್ರೂ ಟ್ಯೂಬ್ ಮೂಲಕ ನೀರು ವರ್ಷಾನುಗಟ್ಟಲೆ ಚೂರು ಚೂರೇ ಆವಿಯಾಗತ್ತೆ. ಒಳಗಿರೋ ಗಾಳಿ ಗುಳ್ಳೆ ಮೇಲಕ್ಕೆ ಹೋಗೋದ್ರಿಂದ ಪಂಪ್ ಯಾವತ್ತೂ ಲೂಪಿನ (ನೀರು ಸುತ್ತೋ ದಾರಿಯ) ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಇರ್ಬಾರ್ದು. ಏರ್ ತಗೊಳೋರು ಕ್ಯಾಬಿನೆಟ್ ಅಗಲ ನೋಡ್ಕೊಳಿ, ನಾಕ್ಟುವಾ ಎನ್ಎಚ್-ಡಿ15 ತರದ ದೊಡ್ಡ ಕೂಲರ್ 165 ಮಿಮೀ ಎತ್ತರ, ಆ ಎತ್ತರ ಕ್ಯಾಬಿನೆಟ್ ಅಗಲದ ಕಡೆಗೇ ಚಾಚತ್ತೆ, ಸೈಡ್ ಪ್ಯಾನೆಲ್ ಮುಚ್ಚದೇ ಹೋಗ್ಬೋದು.

ದಿನಾ ರೆಂಡರಿಂಗ್ ಮಾಡ್ತೀರಾ, ರೂಮಲ್ಲಿ ಎಸಿನೂ ಇದೆ ಅಂದ್ರೆ 360 ತಗೊಳಿ. ಇಲ್ಲಾಂದ್ರೆ ಅದೇ ಐ9ಗೆ ಬಯಾಸಲ್ಲಿ (ಕಂಪ್ಯೂಟರ್ ಆನ್ ಆಗೋವಾಗ ತೆರೆಯೋ ಸೆಟ್ಟಿಂಗ್ಸಲ್ಲಿ) ಪವರ್ ಲಿಮಿಟ್ 125 ವ್ಯಾಟ್ ಹಾಕಿ, 38ರ ರೂಮಲ್ಲೂ 0.3ರ ಏರ್ ಕೂಲರಲ್ಲಿ 76ರ ಹತ್ರ ನಿಲ್ಲತ್ತೆ, ರೆಂಡರ್ ಸ್ವಲ್ಪ ಲೇಟಾಗತ್ತೆ ಅಷ್ಟೆ.