ಫೋಮ್ ಅಂಟಿಸಿದರೆ ಪಕ್ಕದ ಮನೆಗೆ ಸದ್ದು ನಿಲ್ಲೋದಿಲ್ಲ

ಮುಂಬೈ ಹತ್ತಿರದ ಡೊಂಬಿವಲಿಯಿಂದ ಸಂಗೀತದ ಟೀಚರ್ ಒಬ್ಬರು ಸದ್ದು ತಡೆಯೋ ಕೆಲಸಕ್ಕೆ ನನ್ನನ್ನು ಕರೆದಿದ್ದರು. ಧಾರವಾಡದವರು. ಹಾಲ್‌ನಲ್ಲೇ ಕ್ಲಾಸು, ಹಾರ್ಮೋನಿಯಂ, ತಬಲಾ, ಹತ್ತು ಹನ್ನೆರಡು ಮಕ್ಕಳು. ಗೋಡೆಯ ಆಚೆ ಬದಿಗೆ ಪಕ್ಕದ ಮನೆಯ ಬೆಡ್‌ರೂಮು. ಅಲ್ಲಿ ನೈಟ್ ಡ್ಯೂಟಿ ಮುಗಿಸಿ ಬಂದ ನರ್ಸ್ ಹಗಲು ಹೊತ್ತು ಮಲಗಬೇಕು. ಟೀಚರ್ ಆನ್‌ಲೈನ್‌ನಲ್ಲಿ ಮೊಟ್ಟೆ ಟ್ರೇ ತರಹದ ಕಪ್ಪು ಫೋಮ್ ತರಿಸಿ ಇಡೀ ಗೋಡೆಗೆ ಅಂಟಿಸಿದ್ದರು. ನರ್ಸ್ ಪಾಲಿಗೆ ಏನೂ ಬದಲಾಗಿರಲಿಲ್ಲ.

ಬದಲಾಗೋದೂ ಇಲ್ಲ. ಫೋಮ್ ಇರೋದು ಕೋಣೆಯ ಒಳಗಿನ ಪ್ರತಿಧ್ವನಿ ಕಡಿಮೆ ಮಾಡೋಕೆ. ಗೋಡೆ ದಾಟುವ ಸದ್ದು ತಡೆಯೋಕೆ ತೂಕ ಬೇಕು. ಅಂಗಡಿಯಲ್ಲಿ ಫೋಮ್ ತುಂಡು ಕೈಗೆ ತಗೊಂಡು ಬಾಯಿಂದ ಊದಿ ನೋಡಿ. ಗಾಳಿ ಆಚೆ ಬಂದರೆ ಸದ್ದೂ ಬರುತ್ತೆ, ಅಷ್ಟೇ.

ಹಾಗಂತ ತೂಕ ಒಂದನ್ನೇ ನಂಬೋಕಾಗಲ್ಲ. ಗೋಡೆಯ ತೂಕ ಎರಡರಷ್ಟು ಮಾಡಿದರೂ ಸಿಗೋದು ಹೆಚ್ಚೆಂದರೆ 5–6 ಡೆಸಿಬಲ್. ಸದ್ದು ಅರ್ಧ ಆಯ್ತು ಅಂತ ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಬೇಕು. ಆದ್ದರಿಂದ ಹಳೇ ಗೋಡೆಗೆ ತಾಗದ ಹಾಗೆ ಇನ್ನೊಂದು ತೆಳು ಗೋಡೆ ನಿಲ್ಲಿಸೋದು ವಾಸಿ. ಒಂದು ನಡುಗಿದರೆ ಇನ್ನೊಂದು ನಡುಗಬಾರದು.

ಆದರೆ ಸಾಮಾನು ಕೊಳ್ಳುವ ಮೊದಲು ತೂತು ಹುಡುಕಿ. ನಾನು ಹಾಲ್‌ನಲ್ಲಿ ಮೊಬೈಲಿನಲ್ಲಿ ತಂಬೂರಿ ಹಾಕಿಟ್ಟು, ಪಕ್ಕದ ಮನೆಯವರನ್ನು ಕೇಳಿಕೊಂಡು ಅವರ ಬೆಡ್‌ರೂಮಿಗೆ ಹೋದೆ. ಗೋಡೆಗೆ ಕಿವಿ ಇಟ್ಟು ಸರಿಯುತ್ತಾ ಹೋದರೆ ಸ್ವಿಚ್‌ಬೋರ್ಡ್ ಹತ್ತಿರ ತಂಬೂರಿ ಒಮ್ಮೆಗೇ ಜೋರಾಯಿತು. ಪ್ಲೇಟ್ ಬಿಚ್ಚಿದೆ. ನಾಲ್ಕು ಇಂಚಿನ ಗೋಡೆಯಲ್ಲಿ ಎರಡೂ ಮನೆಯ ಬಾಕ್ಸ್ ಬೆನ್ನಿಗೆ ಬೆನ್ನು. ನಡುವೆ ಸಿಮೆಂಟೇ ಇಲ್ಲ. ಲೆಕ್ಕ ಹೇಳ್ತೀನಿ ಕೇಳಿ: ನೂರರಲ್ಲಿ ಒಂದು ಪಾಲು ಜಾಗ ತೆರೆದಿದ್ದರೂ ಸಾಕು, ಉಳಿದದ್ದು ಎಂಥಾ ಗೋಡೆಯೇ ಆಗಿರಲಿ, 20 ಡೆಸಿಬಲ್‌ಗಿಂತ ಜಾಸ್ತಿ ತಡೆಯಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಒಂದು ಬಾಕ್ಸ್ ಪಕ್ಕಕ್ಕೆ ಸರಿಸಿ, ತೂತಿಗೆ ಗಾರೆ ಮೆತ್ತಿಸಿ, ಅಂಚಿಗೆ ಅಕೌಸ್ಟಿಕ್ ಸೀಲಂಟ್ (ಒಣಗಿದ ಮೇಲೂ ರಬ್ಬರಿನ ಹಾಗೆ ಮೆತ್ತಗಿರುವ ಅಂಟು) ಹಾಕಿಸಿದೆ. ಅಷ್ಟಕ್ಕೇ ಮಾತು ಕೇಳೋದು ನಿಂತಿತು. ತಬಲಾ ನಿಲ್ಲಲಿಲ್ಲ.

ಅದಕ್ಕೆ ಎರಡನೇ ಗೋಡೆಯೇ ಬೇಕಿತ್ತು. ಹಳೇ ಗೋಡೆಯಿಂದ ಒಂದು ಇಂಚು ಬಿಟ್ಟು ಲೋಹದ ಫ್ರೇಮ್, ಅದರೊಳಗೆ 50 ಮಿಮೀ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ನಾರಿನ ಹಾಸು), ಮೇಲೆ 12.5 ಮಿಮೀ ಜಿಪ್ಸಂ ಬೋರ್ಡ್ ಎರಡು ಪದರ. ಮೊದಲ ಪದರದ ಜೋಡಣೆಯ ಮೇಲೆ ಎರಡನೇ ಪದರದ ಜೋಡಣೆ ಬರಬಾರದು. ರಾಕ್‌ವೂಲ್ 48 ಡೆನ್ಸಿಟಿ, ಅಂದರೆ ಘನ ಮೀಟರಿಗೆ 48 ಕೆಜಿ, ಇದ್ದರೆ ಸಾಕು, 96 ತಗೊಳ್ಳಿ ಅಂತ ಅಂಗಡಿಯವರು ಹೇಳಿದರೆ ನಕ್ಕು ಸುಮ್ಮನಾಗಿ. ಒಟ್ಟು ನಾಲ್ಕು ಇಂಚು ಹೋಗುತ್ತೆ.

“ನಾಕ್ ಇಂಚ್ ಹೋದ್ರ ಹುಡುಗ್ರು ಎಲ್ಲಿ ಕೂಡಬೇಕ್ರಿ?” ಅಂದರು ಟೀಚರ್. ಮುಂಬೈಯಲ್ಲಿ ಇದು ತಮಾಷೆಯ ಪ್ರಶ್ನೆ ಅಲ್ಲ. ಹತ್ತಡಿ ಗೋಡೆಗೆ ಮೂರು ಚದರಡಿಗಿಂತ ಜಾಸ್ತಿ ಜಾಗ ಹೋಯಿತು. ಶೋಕೇಸ್ ತೆಗೆಸಿ ಲೆಕ್ಕ ಸರಿ ಮಾಡಿದೆವು.

ಕೆಲಸ ನಡೆಯುವಾಗ ನೀವು ಎದುರಿಗೇ ಇರಿ. ಫ್ರೇಮ್ ಅಲ್ಲಾಡುತ್ತೆ ಅಂತ ಕೆಲಸದ ಹುಡುಗರು ಹಳೇ ಗೋಡೆಗೆ ಒಂದು ಕ್ಲಾಂಪ್ ಹೊಡೆದುಬಿಡ್ತಾರೆ. ಸದ್ದು ಅದನ್ನೇ ಹಿಡಿದು ಆಚೆ ಹೋಗುತ್ತೆ. ಇನ್ನೊಂದು, ಬೋರ್ಡ್ ಫಾಲ್ಸ್ ಸೀಲಿಂಗ್‌ಗೆ ನಿಲ್ಲಬಾರದು, ಸ್ಲ್ಯಾಬ್‌ವರೆಗೂ ಹೋಗಬೇಕು. ಕೆಳಗೂ ಮೇಲೂ ಸಣ್ಣ ಸಂದು ಬಿಟ್ಟು ಸೀಲಂಟ್ ತುಂಬಿಸಿ. ಪಿಒಪಿ ಬೇಡ, ಅದು ಬಿರುಕು ಬಿಡುತ್ತೆ.

ಶುರುವಿನ ದಿನಗಳಲ್ಲಿ ಠಾಣೆ ಊರಿನಲ್ಲಿ ಒಂದು ಕೆಲಸ ಕೆಟ್ಟಿತು. ತಪ್ಪು ನನ್ನದೇ. ಬೇಸಿಗೆಯಲ್ಲಿ ಒಣಗಿದ್ದ ಹೊರಗೋಡೆ ನೋಡಿ ರಾಕ್‌ವೂಲ್ ತುಂಬಿಸಿದೆ. ಜುಲೈನಲ್ಲಿ ಮಳೆ ನೀರು ಒಳಗೆ ಇಳಿದು ಬೋರ್ಡ್ ಉಬ್ಬಿ, ಬುಡದಲ್ಲಿ ಕಪ್ಪು ಬೂಷ್ಟು ಹಿಡಿಯಿತು. ಪೂರ್ತಿ ಕಿತ್ತು ಹಾಕಬೇಕಾಯಿತು. ಈಗ ಒಂದು ಮಳೆಗಾಲದಲ್ಲಿ ಹೇಗಿರುತ್ತೆ ಅಂತ ನೋಡದೆ ಹೊರಗೋಡೆಗೆ ನಾನು ಕೈ ಹಾಕೋದಿಲ್ಲ. ಬಾತ್‌ರೂಮ್ ಪಕ್ಕದ್ದಾದರೆ ತೇವ ತಡೆಯುವ ಹಸಿರು ಬೋರ್ಡೇ ಬೇಕು, ಅದೂ ಲೀಕೇಜ್ ನಿಲ್ಲಿಸಿದ ಮೇಲೆ.

ಹೊಸ ಟವರ್‌ಗಳ ಕಥೆ ಬೇರೆ. ಎಷ್ಟೋ ಕಡೆ ಗೋಡೆಯೂ ಕಾಂಕ್ರೀಟೇ. ಮಾತು ದಾಟೋದು ಕಡಿಮೆ. ಆದರೆ ಹನ್ನೆರಡನೇ ಮಹಡಿಯಲ್ಲಿ ಡ್ರಿಲ್ ಹಾಕಿದರೆ ನಡುಕ ಕಾಂಕ್ರೀಟ್ ಹಿಡಿದೇ ಇಳಿದು ಒಂಬತ್ತನೇದರಲ್ಲಿ ಹಲ್ಲು ಜುಮ್ಮೆನ್ನುತ್ತೆ.

ಎರಡು ತಿಂಗಳ ಮೇಲೆ ಟೀಚರ್ ಮತ್ತೆ ಫೋನ್ ಮಾಡಿದರು. ಪಕ್ಕದವರು ಖುಷಿಯಾಗಿದ್ದಾರೆ. ಆದರೆ ಆ ಕಡೆಯ ಟೀವಿ ಸದ್ದು ಹೋದ ಮೇಲೆ ಮೇಲಿನ ಮನೆಯ ಕುಟ್ಟಾಣಿ ಕೇಳೋಕೆ ಶುರುವಾಗಿದೆಯಂತೆ. ಅದು ಮೊದಲೂ ಇತ್ತು, ಟೀವಿಯ ಗದ್ದಲದಲ್ಲಿ ಗೊತ್ತಾಗುತ್ತಿರಲಿಲ್ಲ. ಸ್ಲ್ಯಾಬ್‌ನಿಂದ ಇಳಿಯುವ ಏಟಿಗೆ ನಾನು ಕಟ್ಟಿದ ಗೋಡೆ ಏನೂ ಮಾಡಲಾರದು. ಕುಟ್ಟಾಣಿ ಕೆಳಗೆ ದಪ್ಪ ರಬ್ಬರ್ ಶೀಟ್ ಇಡಿಸಿ ಅಂದೆ. ಮೇಲೆ ಹೋಗಿ ಹೇಳೋರು ಯಾರು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.